ಮಂಡಳಿಯ ಸ್ವತ್ತಾದ ಒಂದು ನಗು

ಟೀವಿ ಬಂದ ಹೊಸದರಲ್ಲಿ ತಾನು ಬಿತ್ತರಿಸಿದ ನೇರ ಕಾರ್ಯಕ್ರಮಗಳಲ್ಲಿ ಒಂದನ್ನೂ ಪ್ರಸಾರ ಮಂಡಳಿ ಕಳೆದುಕೊಂಡಿಲ್ಲ. ಇದು ಮಂಡಳಿಯ ವಾರ್ಷಿಕ ವರದಿಯಲ್ಲೇ ಅಚ್ಚಾದ ಮಾತು, ಸುಳ್ಳಲ್ಲ. ಒಂದು ವಸ್ತುವನ್ನು ಕಳೆದುಕೊಳ್ಳಬೇಕಾದರೆ ಮೊದಲು ಅದನ್ನು ಇಟ್ಟುಕೊಂಡಿರಬೇಕು. ಮಂಡಳಿ ಏನನ್ನೂ ಇಟ್ಟುಕೊಂಡಿರಲಿಲ್ಲ. ಆ ಕಾಲದಲ್ಲಿ ನಟರು ಸ್ಟುಡಿಯೋದಲ್ಲಿ ನಿಂತು ಆಡಿದ ಮಾತು ಅದೇ ಗಳಿಗೆಯಲ್ಲಿ ಮನೆಮನೆಯ ಪೆಟ್ಟಿಗೆಯಲ್ಲಿ ಕೇಳಿಸಿ, ಅದೇ ಗಳಿಗೆಯಲ್ಲಿ ಗಾಳಿಗೆ ಸೇರಿ ಹೋಗುತ್ತಿತ್ತು. ಗಾಳಿಯ ಮೇಲೆ ಮಂಡಳಿಗೆ ಅಧಿಕಾರವಿರಲಿಲ್ಲ.

ಹೀಗೆ ಕಳೆದುಹೋಗದೆ ಉಳಿದಿರುವುದನ್ನು ಕಾಪಾಡುವುದಕ್ಕೆಂದು ಮಂಡಳಿ ಶಬ್ದ ಸಂರಕ್ಷಣಾ ವಿಭಾಗವನ್ನು ತೆರೆಯಿತು. ಕಟ್ಟಡದ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ದೊಡ್ಡ ಕೋಣೆ, ಗೋಡೆಯುದ್ದಕ್ಕೂ ಉಕ್ಕಿನ ಕಪಾಟು, ತೇವ ಅಳೆಯುವ ಮುಳ್ಳು, ಹಳೆಯ ಟೇಪುಗಳನ್ನು ನವಿರಾಗಿ ಓಡಿಸಬಲ್ಲ ಹೊರದೇಶದ ಯಂತ್ರ, ಹಗಲಿರುಳು ಗುಂಯ್‌ಗುಡುವ ತಂಪುಯಂತ್ರ, ಎಲ್ಲವೂ ಬಂದವು. ಕಪಾಟಿನೊಳಗೆ ಇಡುವುದಕ್ಕೆ ಮಾತ್ರ ಏನೂ ಇರಲಿಲ್ಲ. ಆದರೂ ಕೋಣೆ ಸದಾ ಚಳಿಗಾಲದಂತೆ ತಣ್ಣಗಿರಬೇಕೆಂಬ ನಿಯಮವನ್ನು ವಿಭಾಗ ಒಂದು ದಿನವೂ ಮುರಿಯಲಿಲ್ಲ. ನಿರ್ದೇಶಕರಿಂದ ಹಿಡಿದು ಗುಮಾಸ್ತನವರೆಗೆ ಎಲ್ಲರೂ ಬೇಸಿಗೆಯಲ್ಲೂ ಸ್ವೆಟರು ಹಾಕಿಕೊಂಡು, ಮೂಗು ಸೋರಿಸಿಕೊಂಡು, ಖಾಲಿ ಕಪಾಟುಗಳನ್ನು ಕಾದರು. ನಿರ್ದೇಶಕರು ಸಂರಕ್ಷಣೆಯ ಹೊಸ ವಿಧಾನಗಳನ್ನು ಕಲಿಯಲು ಹಲವು ಸಲ ವಿದೇಶಕ್ಕೆ ಹೋಗಿಬಂದರು. ಪ್ರತಿ ವರ್ಷದ ವರದಿಯಲ್ಲೂ ಒಂದೇ ಸಾಲು: "ವಿಭಾಗದ ವಶದಲ್ಲಿರುವ ಯಾವ ಧ್ವನಿಮುದ್ರಿಕೆಗೂ ಈ ವರ್ಷ ಹಾನಿ ಸಂಭವಿಸಿಲ್ಲ."

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆಯುತ್ತಿರುವಾಗ ಮಂಡಳಿಗೆ ಹೊಸದಾಗಿ ಬಂದ ಅಧ್ಯಕ್ಷರು ವಿಭಾಗಕ್ಕೆ ಭೇಟಿ ಕೊಟ್ಟು, ಕೈ ಉಜ್ಜಿಕೊಳ್ಳುತ್ತಾ, "ಏನಾದ್ರೂ ಒಂದು ಹಾಕಿ, ಕೇಳೋಣ" ಅಂದುಬಿಟ್ಟರು.

"ಇದು ಸಂರಕ್ಷಣಾ ವಿಭಾಗ ಸರ್. ಕೇಳೋ ವಿಭಾಗ ಬೇರೆ" ಅಂದರು ನಿರ್ದೇಶಕರು.

"ಅದೆಲ್ಲಿದೆ?"

"ಇನ್ನೂ ಮಂಜೂರಾಗಿಲ್ಲ ಸರ್."

ಅಧ್ಯಕ್ಷರು ತಲೆಯಾಡಿಸಿ ಹೋದರು. ಆದರೂ ನಿರ್ದೇಶಕರಿಗೆ ಒಳಗೊಳಗೇ ಪುಕುಪುಕು ಶುರುವಾಯಿತು. ಅದೇ ವಾರ ಪತ್ರಿಕೆಗಳಲ್ಲಿ ಈ ಪ್ರಕಟಣೆ ಬಂತು:

"ಸಾರ್ವಜನಿಕರ ಗಮನಕ್ಕೆ. ಟೀವಿಯ ಆರಂಭಕಾಲದ ನೇರ ಪ್ರಸಾರಗಳನ್ನು ಮಂಡಳಿಯ ಅನುಮತಿಯಿಲ್ಲದೆ ಮನೆಗಳಲ್ಲಿ ಧ್ವನಿಮುದ್ರಿಸಿಕೊಂಡಿರುವುದು ಅಪರಾಧವಾಗಿದೆ. ಅಂಥ ಅಪರಾಧ ಎಸಗಿರುವ ಎಲ್ಲರಿಗೂ ಮಂಡಳಿ ಕೃತಜ್ಞವಾಗಿದ್ದು, ಸದರಿ ಟೇಪುಗಳನ್ನು ಕೂಡಲೇ ವಿಭಾಗಕ್ಕೆ ತಂದೊಪ್ಪಿಸಿ ಸಹಕರಿಸಬೇಕಾಗಿ ಕೋರಲಾಗಿದೆ."

ಆ ಊರಿನಲ್ಲಿ ಈ ಅಪರಾಧವನ್ನು ಅಚ್ಚುಕಟ್ಟಾಗಿ ಎಸಗಿದ್ದವರು ಬಿ.ಎ. ಅಮ್ಮ ಒಬ್ಬರೇ.

ಬೀದಿಯಲ್ಲಿ ಮೊದಲು ಡಿಗ್ರಿ ಮಾಡಿದ ಹೆಂಗಸು ಅವರೇ ಆದ್ದರಿಂದ ಆ ಹೆಸರು. ಆಮೇಲೆ ಬೀದಿಯಲ್ಲಿ ಡಾಕ್ಟರುಗಳೂ ಎಂಜಿನಿಯರುಗಳೂ ಆದರು, ಆದರೆ ಬಿ.ಎ. ಎಂದರೆ ಅವರೊಬ್ಬರೇ. ಅವರಿಗೂ ಅದರಲ್ಲಿ ಅನುಮಾನವಿರಲಿಲ್ಲ. ಮನೆಗೆ ಟೀವಿ ಬಂದಾಗ ಉಳಿದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರೆ, ಬಿ.ಎ. ಅಮ್ಮನಿಗೆ ಮಾತ್ರ ಸಂಕಟವಾಯಿತು. ಇಷ್ಟು ಒಳ್ಳೆಯ ಮಾತುಗಳನ್ನು ಯಾರೂ ಎತ್ತಿಡದೆ ಹೀಗೆ ಸುರಿದು ಬಿಡುವುದೇ? ನಲ್ಲಿ ತೆರೆದಿಟ್ಟು ಹೋದ ಹಾಗೆ? ಅವರು ಟೇಪ್ ರೆಕಾರ್ಡರಿನ ಮೈಕನ್ನು ಕುರ್ಚಿಯ ಬೆನ್ನಿಗೆ ರಿಬ್ಬನ್ನಿನಿಂದ ಕಟ್ಟಿ, ಕುರ್ಚಿಯನ್ನು ಟೀವಿಯ ಬಾಯಿಗೆ ಒತ್ತರಿಸಿ ಇಟ್ಟು, ಕೆಂಪು ಗುಂಡಿ ಒತ್ತುತ್ತಿದ್ದರು. ಗುಂಡಿ ಒತ್ತಿದ ಮೇಲೆ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ, ಸೀನುವ ಹಾಗಿಲ್ಲ, ಬಾಗಿಲು ಹಾಕುವ ಹಾಗಿಲ್ಲ. ಟೀವಿ ನೋಡಲು ಬರುತ್ತಿದ್ದ ಎದುರುಮನೆಯಾಕೆಗೂ ಅದೇ ಕಟ್ಟಪ್ಪಣೆ.

ಎಲ್ಲರೂ ಆದಷ್ಟು ಮಟ್ಟಿಗೆ ಪಾಲಿಸುತ್ತಿದ್ದರು, ಯಜಮಾನರೊಬ್ಬರನ್ನು ಬಿಟ್ಟು. ಅವರ ತಪ್ಪಿರಲಿಲ್ಲ. ಅವರಿಗೆ ನಗು ತಡವಾಗಿ ಬರುತ್ತಿತ್ತು.

ಯಜಮಾನರದು ಕನ್ನಡಕದ ಅಂಗಡಿ. ಗಿರಾಕಿಯ ಕಣ್ಣಿಗೆ ಒಂದು ಗಾಜು ಇಟ್ಟು, ತೆಗೆದು, ಇನ್ನೊಂದು ಇಟ್ಟು, "ಇದು ಚೆನ್ನಾಗಿದೆಯೋ, ಅದು ಚೆನ್ನಾಗಿತ್ತೋ?" ಎಂದು ಕೇಳಿ ಕೇಳಿ, ಜೋಕುಗಳನ್ನೂ ಹಾಗೆಯೇ ಪರೀಕ್ಷಿಸುವ ಅಭ್ಯಾಸ ಅವರಿಗೆ. ಎಲ್ಲರೂ ನಕ್ಕು, ಕಣ್ಣೊರೆಸಿಕೊಂಡು, ಬೇರೆ ಮಾತಿಗೆ ಹೋಗಿ, ಆ ಮಾತು ಗಂಭೀರವಾಗಿ, ಯಾರದೋ ಸಾವಿನ ಸುದ್ದಿ ಬಂದಿರುವ ಹೊತ್ತಿಗೆ ಸರಿಯಾಗಿ ಅವರಿಗೆ ಜೋಕು ಸ್ಪಷ್ಟವಾಗುತ್ತಿತ್ತು. ಆಗ ಹೊಟ್ಟೆಯ ತಳದಿಂದ ಒಂದು ನಗು ಎದ್ದು ಬರುತ್ತಿತ್ತು. ಅದು ಮನೆಯ ಪಾತ್ರೆಗಳನ್ನೆಲ್ಲ ಅಲುಗಿಸುವ ನಗು. ಫೋಟೋಗಳಲ್ಲೆಲ್ಲ ಅವರು ಕೋರ್ಟಿನಲ್ಲಿ ನಿಂತವರ ಹಾಗೆ ಮುಖ ಬಿಗಿದುಕೊಂಡಿದ್ದಾರೆ. "ನಗಿ" ಎಂದ ಫೋಟೋಗ್ರಾಫರು ಪೆಟ್ಟಿಗೆ ಮಡಿಚಿಕೊಂಡು ಗೇಟು ದಾಟಿದ ಮೇಲೆ ಅವರು ನಗುತ್ತಿದ್ದರು.

ಯಜಮಾನರು ತೀರಿಕೊಂಡು ಈಗ ಕೆಲವು ವರ್ಷಗಳು. ಅವರು ನಕ್ಕದ್ದಕ್ಕೆ ಈ ಲೋಕದಲ್ಲಿ ಉಳಿದಿರುವ ಗುರುತು ಒಂದೇ, 'ಅರಸನ ಕಡೆಯ ಆಜ್ಞೆ' ಎಂಬ ನೇರ ಪ್ರಸಾರದ ನಾಟಕದ ಟೇಪು. ನಾಟಕದ ಮೊದಲಲ್ಲಿ ಅರಮನೆಯ ಅಡುಗೆಯವನು ಅರಸನಿಗೆ ಹೇಳುತ್ತಾನೆ, "ಪ್ರಭು, ಧೈರ್ಯವಾಗಿ ಉಣ್ಣಿ. ವಿಷ ಹಾಕಿಲ್ಲ, ಉಪ್ಪೂ ಹಾಕಿಲ್ಲ." ಕೊನೆಯಲ್ಲಿ ಅರಸ ಯುದ್ಧದ ಗಾಯದಿಂದ ಸಾಯುತ್ತಾನೆ. ರಾಣಿ, "ರಾಜ್ಯದ ದೀಪ ಆರಿತು" ಎನ್ನುತ್ತಾಳೆ. ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಯಜಮಾನರಿಗೆ ಜೋಕು ಅರ್ಥವಾಯಿತು. "ಹೋ ಹೋ ಹೋ! ಉಪ್ಪೂ ಇಲ್ಲವಂತೆ!"

ಹಿಂದೆಯೇ ಬಿ.ಎ. ಅಮ್ಮನ "ಶ್ಶ್!"

ಟೇಪ್ ರೆಕಾರ್ಡರ್ ಕೆಟ್ಟು ಮೂಲೆ ಸೇರಿತ್ತು. ರಿಪೇರಿಯವನು ಟೇಪನ್ನು ಬೆಳಕಿಗೆ ಹಿಡಿದು ನೋಡಿ, "ಅಂಟು ಬಿಡ್ತಿದೆ ಅಮ್ಮ. ನನ್ನ ಹತ್ರ ಇರೋ ಯಂತ್ರಕ್ಕೆ ಹಾಕಿದ್ರೆ ಹರಿದುಹೋಗತ್ತೆ. ಒಳ್ಳೇ ಯಂತ್ರ ಇರೋ ಕಡೆ ಕೊಡಿ" ಎಂದಿದ್ದ. ಒಳ್ಳೆಯ ಯಂತ್ರ ಇದ್ದದ್ದು ಮಂಡಳಿಯಲ್ಲಿ ಮಾತ್ರ.

"ಅತ್ತೆ, ಸರಕಾರಿ ಆಫೀಸು, ಯೋಚನೆ ಮಾಡಿ" ಅಂದಳು ಸೊಸೆ. "ಕೊಟ್ಟ ಮೇಲೆ ವಾಪಸ್ ಬರತ್ತಾ?"

"ವಾಪಸ್ ಯಾಕೆ ಬರಬೇಕು? ಸಂರಕ್ಷಣೆ ಅಂದ್ರೆ ಏನು ಅಂದ್ಕೊಂಡಿದೀಯ? ಕಾಪಾಡೋದು. ನನಗೆ ಕನ್ನಡ ಗೊತ್ತು" ಅಂದರು ಬಿ.ಎ. ಅಮ್ಮ. ಟೇಪುಗಳನ್ನೆಲ್ಲ ಹತ್ತಿಬಟ್ಟೆಯಲ್ಲಿ ಸುತ್ತಿ, ಒಂದೊಂದಕ್ಕೂ ತಾರೀಖು, ಕಾರ್ಯಕ್ರಮದ ಹೆಸರು, ಅಂದು ಮನೆಯಲ್ಲಿದ್ದವರ ವಿವರ ಎಲ್ಲ ದುಂಡಗೆ ಬರೆದು ಅಂಟಿಸಿ, ಬಸ್ಸು ಹತ್ತಿದರು.

ಸ್ವೀಕೃತಿ ಗುಮಾಸ್ತನಿಗೆ ಸ್ವೆಟರಿನ ಮೇಲೊಂದು ಮಫ್ಲರು. ಕೆಲಸಕ್ಕೆ ಸೇರಿದಂದಿನಿಂದ ಅವನು ಏನನ್ನೂ ಸ್ವೀಕರಿಸಿರಲಿಲ್ಲ. ಚೀಲ ನೋಡಿದ್ದೇ ಸ್ವೀಕೃತಿಯ ಮುದ್ರೆ ಹೊರತೆಗೆದು ಧೂಳು ಒರೆಸಿದ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಇದರಲ್ಲಿ ಪ್ರಸಾರ ಎಷ್ಟು, ಮನೆ ಎಷ್ಟು?"

"ಅಂದ್ರೆ?"

"ಟೀವಿಯಿಂದ ಬಂದ ಶಬ್ದ ಮಂಡಳೀದು. ಮಿಕ್ಕಿದ್ದೆಲ್ಲ ಅನಧಿಕೃತ ಶಬ್ದ. ಬಾಗಿಲು, ಪಾತ್ರೆ, ಮನುಷ್ಯರು, ಅದನ್ನೆಲ್ಲ ಶುದ್ಧೀಕರಣ ಅಧಿಕಾರಿಗಳು ತೊಳೆದು ತೆಗೀತಾರೆ. ಯೋಚನೆ ಮಾಡಬೇಡಿ, ಗುರುತೂ ಉಳಿಯಲ್ಲ."

ಬಿ.ಎ. ಅಮ್ಮ ಚೀಲದತ್ತ ಕೈ ಚಾಚಿದರು. "ಹಾಗಿದ್ರೆ ಬೇಡ. ಕೊಡಿ ಇಲ್ಲಿ, ತಗೊಂಡು ಹೋಗ್ತೀನಿ."

ಅಷ್ಟರಲ್ಲಿ ಗುಮಾಸ್ತ ಸ್ವೀಕೃತಿಯ ಮುದ್ರೆ ಒತ್ತಿಯಾಗಿತ್ತು. ಅವನು ನಿಯಮಾವಳಿಯ ಪುಸ್ತಕವನ್ನು ಆಚೆಯಿಂದ ಈಚೆಗೆ ಮಗುಚಿ, ನಿಜವಾದ ಮರುಕದಿಂದ ಹೇಳಿದ: "ವಾಪಸ್ ಕೊಡೋಕೆ ನಿಯಮ ಇಲ್ಲ ಅಮ್ಮ. ಇದುವರೆಗೂ ಯಾರೂ ಏನೂ ಕೊಟ್ಟಿರಲಿಲ್ಲ ನೋಡಿ, ಅದಕ್ಕೆ ವಾಪಸ್ ಬಗ್ಗೆ ಬರೆಯೋ ಸಂದರ್ಭ ಬಂದಿಲ್ಲ."

"ನನ್ನ ಯಜಮಾನರು ಅದರೊಳಗಿದ್ದಾರೆ ಕಣಪ್ಪ."

"ಗಾಬರಿ ಆಗಬೇಡಿ. ಒಳಗೆ ತುಂಬಾ ತಣ್ಣಗಿದೆ" ಅಂದ ಗುಮಾಸ್ತ.

ಯಾವ ಶಬ್ದ ಪ್ರಸಾರದ್ದು, ಯಾವುದು ಮನೆಯದು ಎಂದು ತೀರ್ಮಾನಿಸಲು ಆಲಿಕೆ ಸಮಿತಿ ರಚನೆಯಾಯಿತು. ಅದರಲ್ಲಿ ನಿರ್ದೇಶಕರು, ಶುದ್ಧೀಕರಣ ಅಧಿಕಾರಿ ಮತ್ತು ಒಬ್ಬ ನಾಟಕ ತಜ್ಞರಿದ್ದರು. ತಜ್ಞರು 'ಅರಸನ ಕಡೆಯ ಆಜ್ಞೆ'ಯ ಬಗ್ಗೆ ಸಂಶೋಧನೆ ಮಾಡಿ ದೊಡ್ಡ ಪದವಿ ಪಡೆದವರು. ನಾಟಕವನ್ನು ನೋಡಿರಲಿಲ್ಲ, ಕೇಳಿರಲಿಲ್ಲ, ಅದರ ಪ್ರತಿಯೂ ಸಿಕ್ಕಿರಲಿಲ್ಲ. ಆದ್ದರಿಂದ ಅವರ ವಾದವನ್ನು ಯಾರೂ ಅಲ್ಲಗಳೆಯಲಾಗಿರಲಿಲ್ಲ. ಟೇಪು ಕೊಟ್ಟವರೆಂಬ ಮರ್ಯಾದೆಗೆ ಬಿ.ಎ. ಅಮ್ಮನಿಗೂ ಒಂದು ಕುರ್ಚಿ ಹಾಕಿದರು.

ಯಂತ್ರ ಓಡಿತು. ಮನೆಯ ಮುಂಬಾಗಿಲ ಕಿರುಗುಟ್ಟುವಿಕೆ ಬಂತು. ರಾಣಿ ಪ್ರವೇಶಿಸಿದಳು. ಒಂದು ಹೆಂಗಸಿನ ದನಿ, "ರಾಣಿ ದಪ್ಪ ಆಗಿದಾಳೆ ಅಲ್ವೇನ್ರೀ?" ಎಂದಿತು. ಅದು ಎದುರುಮನೆಯಾಕೆ. ಅರಸ ಸತ್ತ. ದೀಪ ಆರಿತು. ಆಮೇಲೆ ಆ ನಗು. ಎಷ್ಟೋ ವರ್ಷಗಳ ಮೇಲೆ ಬಿ.ಎ. ಅಮ್ಮ ಅದನ್ನು ಕೇಳಿದರು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇದನ್ನ ತೆಗೀಬೇಕು. ದುಃಖದ ಸನ್ನಿವೇಶ" ಅಂದರು ಶುದ್ಧೀಕರಣ ಅಧಿಕಾರಿ.

ನಾಟಕ ತಜ್ಞರು ಕುರ್ಚಿಯಿಂದ ಎದ್ದೇಬಿಟ್ಟರು. "ಏನು ಹೇಳ್ತಿದೀರಿ ಸ್ವಾಮಿ! ಇದೇ, ಇದೇ ನಾಟಕದ ಜೀವ! ಅರಸನ ಸಾವಿಗೆ ಪ್ರಜೆಯ ನಗು. ತೆರೆಯ ಹಿಂದಿನಿಂದ. 'ಉಪ್ಪೂ ಇಲ್ಲವಂತೆ'. ಉಪ್ಪು ಅಂದ್ರೆ ಋಣ, ಉಪ್ಪು ಅಂದ್ರೆ ಕಣ್ಣೀರು, ಉಪ್ಪು ಅಂದ್ರೆ ಬೆವರು! ನನ್ನ ಪ್ರಬಂಧದ ಆರನೇ ಅಧ್ಯಾಯದಲ್ಲಿ, ಇಂಥದೊಂದು ಇರಲೇಬೇಕು ಅಂತ ಊಹಿಸಿದ್ದೆ!"

ಬಿ.ಎ. ಅಮ್ಮ ಸುಳ್ಳು ಹೇಳುವವರಲ್ಲ. ಸುಮ್ಮನಿದ್ದಿದ್ದರೆ ನಗು ಉಳಿಯುತ್ತಿತ್ತೇನೋ. ಆದರೆ ಯಜಮಾನರ ನಗುವನ್ನು ಇನ್ಯಾರದೋ ಮಾಡಿ ಉಳಿಸುವುದು ಹೇಗೆ? ಅವರು ಎದ್ದು ನಿಂತು, "ಅದು ನನ್ನ ಯಜಮಾನರು. ಕಿಟಕಿ ಪಕ್ಕದ ಬೆತ್ತದ ಕುರ್ಚೀಲಿ ಕೂತು ನಕ್ಕಿದ್ದು. ಅಡುಗೆಯವನ ಜೋಕಿಗೆ" ಅಂದರು.

"ಜೋಕು ಬಂದು ಅರ್ಧ ಗಂಟೆ ಆಗಿದೆ ಅಮ್ಮ" ಅಂದರು ನಿರ್ದೇಶಕರು.

"ಅವರಿಗೆ ಅಷ್ಟು ಹೊತ್ತು ಬೇಕು."

"ಸರಿ. ನಿಮ್ಮ ಯಜಮಾನರನ್ನ ಕರೆಸಿ, ನಗಿಸಿ ನೋಡೋಣ."

"ತೀರಿಕೊಂಡಿದ್ದಾರೆ."

"ಅಯ್ಯೋ ಪಾಪ. ಅವರ ನಗುವಿನ ಬೇರೆ ಮಾದರಿ ಏನಾದ್ರೂ ಇದೆಯಾ, ತಾಳೆ ನೋಡೋಕೆ?"

"ಇದೊಂದೇ ಇರೋದು."

"ಹಾಗಾದ್ರೆ ಅದು ಅವರದೇ ಅನ್ನೋಕೆ ಆಧಾರ ಇಲ್ಲ. ಆಧಾರ ಇಲ್ಲದ ಶಬ್ದ ಪ್ರಸಾರದ್ದು ಅಂತಲೇ ಭಾವಿಸಬೇಕು." ನಿರ್ದೇಶಕರು ಮೂಗೊರೆಸಿಕೊಂಡು ಮುಂದಿನ ಶಬ್ದಕ್ಕೆ ಬಂದರು. "ಈ 'ಶ್ಶ್' ಯಾರದು?"

"ನಂದೇ."

"ಆಧಾರ?"

ಬಿ.ಎ. ಅಮ್ಮ ತೋರುಬೆರಳನ್ನು ತುಟಿಗಿಟ್ಟು, "ಶ್ಶ್!" ಅಂದರು. ನಾಟಕ ತಜ್ಞರು ಕೈಕಟ್ಟಿ ಕೂತರು. ಶುದ್ಧೀಕರಣ ಅಧಿಕಾರಿಯ ಸೀನು ಮೂಗಿನಲ್ಲೇ ನಿಂತಿತು. ಹೊರಗೆ ಗುಮಾಸ್ತ ಟೈಪು ಮಾಡುವುದನ್ನು ನಿಲ್ಲಿಸಿದ.

"ಇದು ನಿಸ್ಸಂದೇಹವಾಗಿ ಅವರದೇ" ಎಂದು ಸಮಿತಿ ಸರ್ವಾನುಮತದಿಂದ ಒಪ್ಪಿತು. ನಿರ್ಣಯ ಹೀಗೆ ದಾಖಲಾಯಿತು:

"ಜೀವಂತ ವ್ಯಕ್ತಿಗಳಿಂದ ರುಜುವಾತಾದ ಶಬ್ದಗಳು ಮನೆಯವಾಗಿದ್ದು, ಅವನ್ನು ಅಳಿಸತಕ್ಕದ್ದು. ವಾರಸುದಾರರು ಬದುಕಿಲ್ಲದ ಶಬ್ದಗಳು ಮಂಡಳಿಯವಾಗಿದ್ದು, ಅವನ್ನು ಸಂರಕ್ಷಿಸತಕ್ಕದ್ದು. ಸದರಿ ನಗು ಅಜ್ಞಾತ ಕಲಾವಿದನದು."

'ಶ್ಶ್' ಹೋಯಿತು. ಆ ಜಾಗದಲ್ಲಿ ತೊಳೆದ ತಟ್ಟೆಯಂಥ ಒಂದು ಅಧಿಕೃತ ನಿಶ್ಶಬ್ದ ಕೂತಿತು. ಕದ ಇನ್ನೂ ಮನೆಯಲ್ಲೇ ಇದ್ದುದರಿಂದ ಅದರ ಸದ್ದೂ ಹೋಯಿತು. ಎದುರುಮನೆಯಾಕೆಯ ಮಾತೂ ಹೋಯಿತು. ಸುದ್ದಿ ಕೇಳಿ ಆಕೆ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದು, "ನನ್ನ ಮಾತು ಯಾಕ್ರೀ ತೆಗೆದ್ರು? ರಾಣಿ ದಪ್ಪ ಇದ್ದಿದ್ದು ನಿಜ ತಾನೆ?" ಎಂದು ಕೇಳಿದಳು.

"ನೀವು ಬದುಕಿದೀರಲ್ಲ, ಅದಕ್ಕೆ" ಎಂದು ಬಿ.ಎ. ಅಮ್ಮ ವಿವರಿಸಿದರು.

"ಓ, ಹಾಗಾ" ಎಂದು ಎದುರುಮನೆಯಾಕೆ ಸಮಾಧಾನ ಪಟ್ಟುಕೊಂಡಳು.

ಬಿ.ಎ. ಅಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ನಗು ಉಳಿಯಿತು ನಿಜ. ಆದರೆ ಯಾರದೋ ಆಗಿ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಅದನ್ನು ಇನ್ನೊಮ್ಮೆ ಕೇಳುವ ದಾರಿಯೇ ಇರಲಿಲ್ಲ. ವಿಭಾಗಕ್ಕೆ ಹೋಗಿ ಕೇಳಿದಾಗ ಗುಮಾಸ್ತ ನಿಯಮ ಓದಿದ: "ಮುದ್ರಿಕೆಗಳನ್ನು ಕೇಳುವ ಹಕ್ಕು ಸಿಬ್ಬಂದಿಗೆ ಹಾಗೂ ಸದರಿ ಮುದ್ರಿಕೆಯ ಕಲಾವಿದರ ಕುಟುಂಬದವರಿಗೆ ಮಾತ್ರ."

"ನಾನು ಕುಟುಂಬದವಳೇ ಅಲ್ವೇನಪ್ಪ?"

"ಅಜ್ಞಾತ ಕಲಾವಿದರ ಕುಟುಂಬ ಅಜ್ಞಾತವಾಗಿರಬೇಕು ಅಮ್ಮ. ನೀವು ಗೊತ್ತಿರೋರು."

ಆ ನಗು ತನ್ನ ಯಜಮಾನರದೆಂದು ಹೇಳುವ ಅರ್ಜಿಯೊಂದನ್ನು ಬಿ.ಎ. ಅಮ್ಮ ಬರೆದುಕೊಟ್ಟರು. ವ್ಯಾಕರಣದಲ್ಲಿ ಒಂದು ಲೋಪವೂ ಇರದ ಆ ಅರ್ಜಿ, ಮಾದರಿ ಲಗತ್ತಿಸಿಲ್ಲವೆಂಬ ಕಾರಣಕ್ಕೆ ಬಾಕಿ ಉಳಿಯಿತು.

ಈ ನಡುವೆ ನಗು ದೊಡ್ಡ ಹೆಸರು ಮಾಡಿತು. ಅದನ್ನು ಹೊರಗಿನವರು ಯಾರೂ ಕೇಳಿರಲಿಲ್ಲವಾದ್ದರಿಂದ ಅದರ ಬಗ್ಗೆ ಭಿನ್ನಾಭಿಪ್ರಾಯ ಬರಲಿಲ್ಲ. ನಾಟಕ ತಜ್ಞರು ಊರೂರಿನಲ್ಲಿ ಭಾಷಣ ಮಾಡಿದರು. "ಇಂಥ ಸಾಮಾಜಿಕ ಪ್ರಜ್ಞೆಯ ನಗು ಮತ್ತೆ ಹುಟ್ಟಲಿಲ್ಲ" ಎಂದು ಪತ್ರಿಕೆಯೊಂದು ಬರೆಯಿತು. ಒಂದು ಕಾಲೇಜಿನಲ್ಲಿ ಅದು ಪಠ್ಯವಾಯಿತು. ಪಠ್ಯಪುಸ್ತಕದಲ್ಲಿ "ಹೋ ಹೋ ಹೋ" ಎಂದು ಅಚ್ಚಾಗಿ, ಕೆಳಗೆ "ಈ ಸಾಲಿನ ಸ್ವಾರಸ್ಯವನ್ನು ವಿವರಿಸಿ" ಎಂಬ ಪ್ರಶ್ನೆಯಿತ್ತು. ಬಿ.ಎ. ಅಮ್ಮನ ಮೊಮ್ಮಗಳು ಆ ಪ್ರಶ್ನೆಗೆ, "ನಮ್ಮ ತಾತನಿಗೆ ಜೋಕು ತಡವಾಗಿ ಅರ್ಥವಾಗುತ್ತಿತ್ತು" ಎಂದು ಬರೆದು ಸೊನ್ನೆ ತಂದಳು.

ಹೆಸರು ಬಂದ ಮೇಲೆ ಆಕ್ಷೇಪಣೆ ಬರದೆ ಇರುತ್ತದೆಯೇ? ಮಂಡಳಿಯ ಲೆಕ್ಕಪರಿಶೋಧಕರು ಒಂದು ಟಿಪ್ಪಣಿ ಕಳಿಸಿದರು. ಮಂಡಳಿಯ ಪ್ರಸಾರದಲ್ಲಿ ನಕ್ಕ ವ್ಯಕ್ತಿ ಮಂಡಳಿಯ ಕಲಾವಿದನೇ ಆಗಿರಬೇಕು. ಕಲಾವಿದನಾಗಿದ್ದರೆ ನೇಮಕಾತಿ ಆದೇಶವಿರಬೇಕು. ಆದೇಶವಿಲ್ಲದೆ ನಕ್ಕಿದ್ದರೆ, ಅಂಥ ನಗುವನ್ನು ತಡೆಯದ ಅಧಿಕಾರಿಯ ಮೇಲೆ ಕ್ರಮ ಜರುಗಿಸಬೇಕು.

ಅಧಿಕಾರಿಯ ಮೇಲೆ ಕ್ರಮ ಎಂಬ ಮಾತು ಓದಿದ್ದೇ ನಿರ್ದೇಶಕರು ಸ್ವೆಟರಿನೊಳಗೇ ಬೆವೆತರು. ನಕ್ಕವರು ತಕ್ಷಣ ಮುಂದೆ ಬರಬೇಕೆಂದೂ, ಅವರಿಗೆ ಜೀವಮಾನದ ಗೌರವ, ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ, ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಉಂಟೆಂದೂ ಪ್ರಕಟಣೆ ಹೊರಟಿತು.

ಮಾರನೆಯ ಬೆಳಿಗ್ಗೆ ವಿಭಾಗದ ಮುಂದೆ ಜನ ಕಿಕ್ಕಿರಿದಿದ್ದರು. ನಿವೃತ್ತ ನಟರು, ನಟರಾಗಬೇಕೆಂದಿದ್ದವರು, ಸ್ಟುಡಿಯೋದಲ್ಲಿ ದೀಪ ಹಿಡಿದವರು, ಅದೇ ರಸ್ತೆಯಲ್ಲಿ ಓಡಾಡಿದವರು, ಎಲ್ಲರೂ ಆ ದಿನ ನಕ್ಕಿದ್ದರು. "ನಾನು ನಕ್ಕ ಮೇಲೆ ನಾಟಕದ ನಿರ್ದೇಶಕರು ಬಂದು ನನ್ನ ಕೈ ಹಿಡ್ಕೊಂಡು ಅತ್ತರು" ಎಂದ ಒಬ್ಬರಿಗೆ, ಆ ಕಾಲಕ್ಕೆ ವಯಸ್ಸು ಮೂರು ಎಂದು ಆಮೇಲೆ ಗೊತ್ತಾಯಿತು. ಒಬ್ಬೊಬ್ಬರನ್ನಾಗಿ ತಣ್ಣನೆಯ ಕೋಣೆಗೆ ಕರೆದು, ಮಂಡಳಿ ಅನುಮೋದಿಸಿದ ಜೋಕನ್ನು ಓದಿ, ನಗಲು ಸೂಚಿಸಲಾಯಿತು. ಜೋಕು ಯಾರ ಮನಸ್ಸಿಗೂ ನೋವಾಗದಂತೆ ತಿದ್ದಿಸಿಕೊಂಡು ಬಂದದ್ದಾದ್ದರಿಂದ ಅದರಲ್ಲಿ ಜೋಕು ಉಳಿದಿರಲಿಲ್ಲ. ಆದರೂ ಎಲ್ಲರೂ ಓದಿ ಮುಗಿಯುವ ಮುಂಚೆಯೇ ಬಿದ್ದು ಬಿದ್ದು ನಕ್ಕರು. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಎಲ್ಲರ ನಗುವೂ ನಡುಗಿತು. ಟೇಪಿನ ನಗುವಿನ ಜೊತೆ ತಾಳೆ ನೋಡಲು ತರಿಸಿದ್ದ ಯಂತ್ರ ಒಂದನ್ನೂ ಒಪ್ಪಲಿಲ್ಲ.

"ಗತಿ ಏನು?" ಎಂದು ನಿರ್ದೇಶಕರು ತಲೆ ಮೇಲೆ ಕೈ ಹೊತ್ತರು.

"ಒಂದು ಹಳೇ ಅರ್ಜಿ ಬಾಕಿ ಇದೆ ಸರ್" ಅಂದ ಗುಮಾಸ್ತ. "ಬಿ.ಎ. ಅಮ್ಮಂದು. ಮಾದರಿ ಒಂದಿಲ್ಲ ಅಷ್ಟೇ."

ಗುಮಾಸ್ತನೇ ಮನೆಗೆ ಬಂದ. ಮಫ್ಲರು ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಉಪಾಯ ಹೇಳಿದ. "ಅಮ್ಮ, ಕಲಾವಿದರ ನಗುವಿನ ದೃಢೀಕೃತ ನಕಲು ಬೇಕು ಅಂತ ನಮಗೇ ಒಂದು ಅರ್ಜಿ ಹಾಕಿ. ಕೇಳೋಕೆ ಹಕ್ಕು ಬೇಕು, ನಕಲಿಗೆ ಬೇಡ, ನಕಲು ಕೊಡ್ತೀವಿ. ಅದನ್ನೇ ನಿಮ್ಮ ಯಜಮಾನರ ಮಾದರಿ ಅಂತ ನಮಗೆ ಕೊಡಿ. ತಾಳೆ ನೋಡ್ತೀವಿ."

"ಅದನ್ನ ಅದಕ್ಕೇ ತಾಳೆ ನೋಡ್ತೀರಾ?"

"ಮತ್ತೆ ಬೇರೆ ಯಾವುದಕ್ಕೆ ನೋಡಿದ್ರೂ ತಾಳೆ ಆಗ್ತಿಲ್ವಲ್ಲ ಅಮ್ಮ!"

ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಒಳಗೆ ಓಡಿದಳು. ಬಿ.ಎ. ಅಮ್ಮ ಮಾತ್ರ ಯೋಚಿಸಿದರು. ಮಾದರಿ ಯಜಮಾನರದು, ಇದು ಸತ್ಯ. ಟೇಪಿನ ನಗು ಯಜಮಾನರದು, ಇದೂ ಸತ್ಯ. ಎರಡು ಸತ್ಯಗಳನ್ನು ಪಕ್ಕಪಕ್ಕ ಇಟ್ಟರೆ ಸುಳ್ಳಾಗುವುದು ಹೇಗೆಂದು ಅವರ ಬಿ.ಎ.ಗೆ ತೋಚಲಿಲ್ಲ. ಆದರೂ ತಾಳೆ ನೋಡುವ ದಿನ ನಿರ್ದೇಶಕರ ಮುಂದೆ ನಿಂತು, "ಮುಚ್ಚುಮರೆ ಏನಿಲ್ಲ ಸ್ವಾಮಿ. ಇದು ಅದೇ ಟೇಪಿನ ನಕಲು" ಎಂದು ಹೇಳಿಯೇ ಕೊಟ್ಟರು.

"ಒಳ್ಳೇದಾಯ್ತು. ನಕಲು ಅಂದಮೇಲೆ ಅಸಲಿಗೆ ಹೊಂದಬೇಕು. ಹೊಂದದೆ ಇದ್ರೆ ತಾನೆ ಅನುಮಾನ?" ಅಂದರು ನಿರ್ದೇಶಕರು.

ಯಂತ್ರದ ಮುಳ್ಳು ನೆಟ್ಟಗೆ ನಿಂತಿತು. ಶುದ್ಧೀಕರಣ ಅಧಿಕಾರಿ ಕಣ್ಣುಜ್ಜಿಕೊಂಡರು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಸರ್. ನನ್ನ ಸರ್ವೀಸಿನಲ್ಲೇ ಇಂಥ ಹೊಂದಾಣಿಕೆ ನೋಡಿಲ್ಲ."

ಯಜಮಾನರನ್ನು ಆ ನಾಟಕದ ದಿನದಿಂದಲೇ ಪೂರ್ವಾನ್ವಯವಾಗುವಂತೆ ಧ್ವನಿ ಕಲಾವಿದರನ್ನಾಗಿ ನೇಮಿಸಿ ಆದೇಶ ಹೊರಟಿತು. ಅಜ್ಞಾತ ಎಂಬುದನ್ನು ಹೊಡೆದುಹಾಕಿ, ಅವರ ಪೂರ್ತಿ ಹೆಸರು, ಅಂಗಡಿಯ ವಿಳಾಸ ಎಲ್ಲ ಬರೆದರು. ಒಂದು ಕಾಗುಣಿತದ ತಪ್ಪಿತ್ತು. ಬಿ.ಎ. ಅಮ್ಮ ಅಲ್ಲೇ ನಿಂತು ತಿದ್ದಿಸಿದರು. ನಾಟಕ ತಜ್ಞರು ಬಂದು ಕೈಮುಗಿದು, "ನಿಮ್ಮ ಯಜಮಾನರ ಕಲಾಜೀವನದ ಬಗ್ಗೆ ಎರಡನೇ ಪ್ರಬಂಧ ಬರೀತಿದೀನಿ. ಕನ್ನಡಕ ಅನ್ನೋದು ಅವರ ದೃಷ್ಟಿಕೋನದ ಸಂಕೇತ ಅಲ್ವಾ?" ಎಂದು ಕೇಳಿದರು.

"ಅದು ಅವರ ವ್ಯಾಪಾರ" ಅಂದರು ಬಿ.ಎ. ಅಮ್ಮ. ತಜ್ಞರು ಅದನ್ನೂ ಬರೆದುಕೊಂಡರು.

ಇಷ್ಟಾದ ಮೇಲೆ ಹೊಸ ತೊಡಕು. ನೇಮಕವಾದ ದಿನದಿಂದ ಒಂದು ದಿನವೂ ಕರ್ತವ್ಯಕ್ಕೆ ಹಾಜರಾಗಿಲ್ಲವೇಕೆ ಎಂದು ಯಜಮಾನರ ಹೆಸರಿಗೆ ನೋಟಿಸು ಬಂತು. ತೀರಿಕೊಂಡಿದ್ದಾರೆಂದು ಬಿ.ಎ. ಅಮ್ಮ ಉತ್ತರ ಬರೆಯಲು ಕೂತರು. ಗುಮಾಸ್ತ ಓಡಿಬಂದು ತಡೆದ.

"ಹಾಗೆಲ್ಲಾದ್ರೂ ಬರೆದೀರಿ! ತೀರಿಕೊಂಡ್ರು ಅಂದ್ರೆ ಸೇವೆ ಮುಗೀತು. ಸೇವೆ ಮುಗಿದ್ರೆ ಕುಟುಂಬದವರ ಕೇಳೋ ಹಕ್ಕೂ ಮುಗೀತು. ಮತ್ತೆ ಹೊರಗೆ ನಿಲ್ತೀರಿ."

"ಮತ್ತೇನಪ್ಪಾ ಮಾಡ್ಲಿ? ಹಾಜರಾಗಿ ಅಂತ ಅವರಿಗೆ ಹೇಗೆ ಹೇಳ್ಲಿ?"

"ಅವರು ಧ್ವನಿ ಕಲಾವಿದರು ಅಮ್ಮ. ಧ್ವನಿ ಕಲಾವಿದರು ಖುದ್ದಾಗಿ ಬರಬೇಕು ಅಂತೇನಿಲ್ಲ. ಧ್ವನಿ ಬಂದ್ರೆ ಸಾಕು. ಮನೆಯವರು ಯಾರಾದ್ರೂ ಬಂದು, ಹೌದು ಇದು ಅವರೇ ಅಂತ ಸಹಿ ಹಾಕ್ಬೇಕು. ದಿನಾ."

"ದಿನಾ?"

"ಭಾನುವಾರ ಬಿಟ್ಟು."

ಬಿ.ಎ. ಅಮ್ಮ ಪೆನ್ನಿನ ಮುಚ್ಚಳ ಹಾಕಿ, ಬರೆದ ಕಾಗದವನ್ನು ನಾಲ್ಕು ಮಡಿಕೆ ಮಾಡಿ, "ಆಗಲಿ" ಅಂದರು.

ಈಗ ದಿನವೂ ಕಚೇರಿ ತೆರೆಯುವ ಹೊತ್ತಿಗೆ ಅವರು ನೆಲಮಾಳಿಗೆಗೆ ಇಳಿಯುತ್ತಾರೆ. ಸೊಸೆ ಹೆಣೆದುಕೊಟ್ಟ ನೀಲಿ ಸ್ವೆಟರು ಹಾಕಿಕೊಂಡು, ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಸಿಬ್ಬಂದಿಯೆಲ್ಲ ಬಂದು ನಿಲ್ಲುತ್ತಾರೆ. ಗುಮಾಸ್ತ ನಕಲಿನ ಟೇಪು ಹಾಕುತ್ತಾನೆ. ದೀಪ ಆರುತ್ತದೆ, ನಿಶ್ಶಬ್ದ ಬರುತ್ತದೆ, ಯಜಮಾನರು ನಗುತ್ತಾರೆ. ಖಾಲಿ ಕಪಾಟುಗಳು ಝಣ್ ಎನ್ನುತ್ತವೆ. "ಹೌದು, ಇವರೇ" ಎಂದು ಬಿ.ಎ. ಅಮ್ಮ ದುಂಡಗೆ ಸಹಿ ಮಾಡುತ್ತಾರೆ. ಅಳು ಬಂದ ದಿನ ನೆಗಡಿ ಎನ್ನುತ್ತಾರೆ. ಅಲ್ಲಿ ನೆಗಡಿ ಇಲ್ಲದವರು ಯಾರೂ ಇಲ್ಲವಾದ್ದರಿಂದ ಯಾರೂ ಕೇಳುವುದಿಲ್ಲ. "ಯಜಮಾನರು ಬಂದಾಯ್ತು, ಇನ್ನು ಕೆಲಸ ಶುರು ಮಾಡ್ರಪ್ಪ" ಎಂದು ನಿರ್ದೇಶಕರು ಹೇಳಿದ ಮೇಲೆ ಎಲ್ಲರೂ ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತಾರೆ. ಹಾಜರಾತಿಯಲ್ಲಿ ಅವರನ್ನು ಮೀರಿಸಿದವರು ಇಲ್ಲವೆಂದು ಈ ವರ್ಷದ ವರದಿಯಲ್ಲಿ ವಿಶೇಷವಾಗಿ ಮೆಚ್ಚಿ ಬರೆಯಲಾಗಿದೆ.

ಮೊನ್ನೆ ಬೆಳಿಗ್ಗೆ ಬಿ.ಎ. ಅಮ್ಮ ಗೇಟು ಹಾಕಿಕೊಂಡು ಹೊರಟಾಗ ಎದುರುಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು.

"ಯಜಮಾನರ ಆಫೀಸಿಗಾ?"

"ಹೂಂ ಕಣ್ರೀ."

"ಇಷ್ಟು ಮೋಡ ಕಟ್ಟಿದೆ, ಇವತ್ತಾದ್ರೂ ರಜೆ ಹಾಕಬಾರದಿತ್ತಾ ಅವರು? ಬದುಕಿದ್ದಾಗಲೂ ಅಂಗಡಿ ಅಂಗಡಿ ಅಂತ ಸವೆದ್ರು."

"ನಾನೂ ಕೇಳ್ದೆ. ಬಡ್ತಿ ಆಗೋವರೆಗೂ ರಜೆ ಕೇಳೋದು ಚೆನ್ನಾಗಿರಲ್ಲ ಅಂದ್ರು."

ಎದುರುಮನೆಯಾಕೆ ತಲೆಯಾಡಿಸಿ, "ಅದೂ ನಿಜಾನೇ" ಅಂದಳು. "ಹಾಗಾದ್ರೆ ಬೇಗ ಹೊರಡಿ. ಅವರಿಗೆ ತಡ ಆಗತ್ತೆ."